ವಾರಕ್ಕೊಂದು ರಾತ್ರಿ, ಒಂದೇ ದಸ್ತರ್‌ಖಾನ್

ಒಮ್ಮೆ ಕೆಲವು ಸಹಾಬಿಗಳು ಪ್ರವಾದಿವರ್ಯರ(ಸ) ಬಳಿಗೆ ಒಂದು ದೂರಿನೊಂದಿಗೆ ಬಂದರು. ನಾವು ಉಣ್ಣುತ್ತೇವೆ, ಆದರೆ ತೃಪ್ತಿಯಾಗುವುದಿಲ್ಲ ಎಂಬುದೇ ಆ ದೂರು. ಎಷ್ಟು ಉಣ್ಣುತ್ತೀರಿ, ಏನು ಉಣ್ಣುತ್ತೀರಿ ಎಂದು ಪ್ರವಾದಿವರ್ಯರು(ಸ) ಅವರನ್ನು ಕೇಳಲಿಲ್ಲ. ಬಹುಶಃ ನೀವು ಬೇರೆ ಬೇರೆಯಾಗಿ ಉಣ್ಣುತ್ತಿರುವಿರೇನೋ ಎಂದು ವಿಚಾರಿಸಿದರು. ಅವರು ಹೌದೆಂದಾಗ, ಒಂದಾಗಿ ಕುಳಿತು ಅಲ್ಲಾಹನ ನಾಮವನ್ನು ಸ್ಮರಿಸಿ ಉಣ್ಣಬೇಕೆಂದೂ ಹಾಗೆ ಮಾಡಿದರೆ ಅದರಲ್ಲಿ ಬರಕತ್ ಉಂಟಾಗುವುದೆಂದೂ ತಿಳಿಸಿದರು. ಅಬೂದಾವೂದ್ ಮತ್ತು ಇಬ್ನು ಮಾಜಃ ಹದೀಸ್ ಸಂಗ್ರಹಗಳಲ್ಲಿ ಈ ಘಟನೆ ಬಂದಿದೆ.

ಅಂದು ಆ ದೂರನ್ನಿತ್ತವರು ಬಡವರಾಗಿದ್ದರು. ಖರ್ಜೂರ ಮತ್ತು ಜವೆಗೋಧಿಯೇ ಅವರ ಆಹಾರವಾಗಿತ್ತು. ಇಂದು ನಮ್ಮ ಮನೆಗಳಲ್ಲಿ ಅಕ್ಕಿಯ ಚೀಲವಿದೆ, ಗ್ಯಾಸಿನ ಒಲೆಯಿದೆ, ಫ್ರಿಜ್ಜಿನಲ್ಲಿ ನಿನ್ನೆಯ ಸಾರೂ ಇದೆ. ಆದರೆ ಅದೇ ದೂರು ಬೇರೊಂದು ರೂಪದಲ್ಲಿ ಮರಳಿ ಬಂದಿದೆ. ಹೊಟ್ಟೆ ತುಂಬುತ್ತದೆ, ಮನೆ ತುಂಬುವುದಿಲ್ಲ.

ಸಂಕೇಶ್ವರದಂತಹ ಒಂದು ಊರಿನ ಮನೆಯನ್ನು ಭಾವಿಸಿರಿ. ಬೆಳಗಾವಿ ಮತ್ತು ಕೊಲ್ಲಾಪುರಗಳ ನಡುವೆ ಪುಣೆ-ಬೆಂಗಳೂರು ಹೆದ್ದಾರಿಯ ಬದಿಗಿರುವ ಈ ಊರು ಬೆಳಗಾಗುವ ಮೊದಲೇ ಎದ್ದು ನಡುರಾತ್ರಿಯ ಅನಂತರ ಮಲಗುವ ಊರು. ಕಬ್ಬು ನುರಿಯುವ ಹಂಗಾಮು ಆರಂಭವಾಯಿತೆಂದರೆ ಸಕ್ಕರೆ ಕಾರ್ಖಾನೆಯಲ್ಲಿ ಹಗಲು ರಾತ್ರಿ ಪಾಳಿಗಳು ನಡೆಯುತ್ತವೆ, ಕಬ್ಬಿನ ಟ್ರಾಕ್ಟರುಗಳು ರಸ್ತೆಯುದ್ದಕ್ಕೂ ಸಾಲುಗಟ್ಟುತ್ತವೆ. ಸಂಕೇಶ್ವರಿ ಮೆಣಸಿನಕಾಯಿ ಪೇಟೆಗೆ ಬರುವ ದಿನಗಳಲ್ಲಿ ವ್ಯಾಪಾರಿಗೆ ಊಟದ ನೆನಪೇ ಇರುವುದಿಲ್ಲ. ಇಂತಹ ಊರಿನ ಒಂದು ಮನೆಯಲ್ಲಿ ತಂದೆಗೆ ಗ್ಯಾರೇಜು. ಹೆದ್ದಾರಿಯಲ್ಲಿ ಕೆಟ್ಟು ನಿಂತ ಲಾರಿಗೆ ಹೊತ್ತು ಗೊತ್ತು ಇರುವುದಿಲ್ಲ. ಹಿರಿಯ ಮಗ ಅಂಗಡಿಯಲ್ಲಿ ದುಡಿಯುತ್ತಾನೆ, ರಾತ್ರಿ ಹತ್ತಕ್ಕೆ ಶಟರ್ ಎಳೆದು ಬರುತ್ತಾನೆ. ಮಗಳು ಬೆಳಗಿನ ಬಸ್ಸು ಹಿಡಿದು ಬೆಳಗಾವಿಯ ಕಾಲೇಜಿಗೆ ಹೋಗುತ್ತಾಳೆ, ದಣಿದು ಬಂದವಳು ಏಳೂವರೆಗೇ ಉಂಡು ಪುಸ್ತಕ ಹಿಡಿಯುತ್ತಾಳೆ. ಕಿರಿಯವನು ಟ್ಯೂಷನ್ ಮುಗಿಸಿ ಬಂದು ತಟ್ಟೆಯನ್ನು ಟಿ.ವಿ.ಯ ಮುಂದೆ ಒಯ್ಯುತ್ತಾನೆ. ಅಜ್ಜನಿಗೆ ಸಕ್ಕರೆ ಕಾಯಿಲೆ, ಹೊತ್ತಿಗೆ ಸರಿಯಾಗಿ ಊಟವಾಗಬೇಕು. ತಾಯಿ ಐದು ಸಲ ರೊಟ್ಟಿ ಬಿಸಿ ಮಾಡುತ್ತಾಳೆ, ಐದು ಸಲ ಬಡಿಸುತ್ತಾಳೆ. ಕೊನೆಗೆ ಹನ್ನೊಂದು ಗಂಟೆಗೆ ಅಡಿಗೆಮನೆಯ ಗೋಡೆಗೊರಗಿ, ಪಾತ್ರೆಯ ತಳದಲ್ಲಿ ಉಳಿದುದನ್ನು ಒಬ್ಬಳೇ ಉಣ್ಣುತ್ತಾಳೆ.

ಈ ಮನೆಯಲ್ಲಿ ಜಗಳವಿಲ್ಲ, ಹಸಿವಿಲ್ಲ, ಹರಾಮಿನ ಸಂಪಾದನೆಯೂ ಇಲ್ಲ. ಎಲ್ಲರೂ ದುಡಿಯುವುದು ಮನೆಗಾಗಿಯೇ. ಆದರೂ ಮಗಳು ಓದಿನಲ್ಲಿ ಹಿಂದೆ ಬಿದ್ದಿರುವುದು ತಂದೆಗೆ ತಿಳಿಯುವುದು ಫಲಿತಾಂಶ ಬಂದ ಮೇಲೆ. ಮಗ ಸಾಲ ಮಾಡಿರುವುದು ತಿಳಿಯುವುದು ಸಾಲ ಕೊಟ್ಟವನು ಬಾಗಿಲು ತಟ್ಟಿದಾಗ. ಅಜ್ಜನ ಕಣ್ಣು ಮಂಜಾಗಿರುವುದನ್ನು ಯಾರೂ ಗಮನಿಸಿಲ್ಲ, ಏಕೆಂದರೆ ಅವರು ತುತ್ತಿಗಾಗಿ ತಟ್ಟೆಯನ್ನು ತಡವುವುದನ್ನು ಎದುರು ಕುಳಿತು ನೋಡಿದವರಿಲ್ಲ. ಒಂದೇ ಸೂರಿನಡಿಯಲ್ಲಿ ಆರು ಮಂದಿ ಇದ್ದಾರೆ. ಆದರೆ ಅವರು ವಸತಿಗೃಹದ ಅತಿಥಿಗಳಂತೆ ಬಂದು ಹೋಗುತ್ತಿದ್ದಾರೆ.

ರಮಝಾನ್ ನುಡಿಯುವ ಸಾಕ್ಷ್ಯ

ಏನು ಮಾಡುವುದು, ಸಮಯವಿಲ್ಲ ಎನ್ನುತ್ತೇವೆ. ಈ ಉತ್ತರವನ್ನು ನಾವು ಪ್ರಾಮಾಣಿಕವಾಗಿಯೇ ನೀಡುತ್ತೇವೆ. ಆದರೆ ನಮ್ಮ ಈ ಉತ್ತರದ ವಿರುದ್ಧ ಸಾಕ್ಷಿ ನುಡಿಯುವ ಒಂದು ತಿಂಗಳು ನಮ್ಮ ಬಳಿಯೇ ಇದೆ.

ರಮಝಾನಿನಲ್ಲಿ ಇದೇ ಮನೆಯ ಇದೇ ಆರು ಮಂದಿ ಸಹರಿಗಾಗಿ ನಸುಕಿನ ನಾಲ್ಕು ಗಂಟೆಗೆ ಎದ್ದು ಕುಳಿತುಕೊಳ್ಳುತ್ತಾರೆ. ಗ್ಯಾರೇಜಿನಿಂದ ತಡವಾಗಿ ಬಂದವನೂ ಏಳುತ್ತಾನೆ, ಟಿ.ವಿ. ಬಿಟ್ಟು ಏಳದ ಹುಡುಗನೂ ಏಳುತ್ತಾನೆ. ಸಂಜೆ ಮಗ್ರಿಬ್‌ನ ಅದಾನಿಗೆ ಐದು ನಿಮಿಷಗಳಿರುವಾಗ ಪೇಟೆಯ ಮುಸ್ಲಿಮ್ ಅಂಗಡಿಗಳ ಶಟರುಗಳು ಅರ್ಧ ಇಳಿಯುತ್ತವೆ. ಗಿರಾಕಿ ಕಾಯುತ್ತಾನೆ, ಲಾರಿ ಕಾಯುತ್ತದೆ. ಕಬ್ಬಿನ ಹಂಗಾಮಿರಲಿ, ಮೆಣಸಿನಕಾಯಿಯ ಸುಗ್ಗಿಯಿರಲಿ, ಒಂದು ಖರ್ಜೂರ ಮತ್ತು ಒಂದು ಲೋಟ ನೀರಿನ ಮುಂದೆ ಎಲ್ಲರೂ ಒಂದೇ ಕ್ಷಣವನ್ನು ಕಾದು ಕುಳಿತಿರುತ್ತಾರೆ. ಹೀಗೆ ಒಂದು ದಿನವಲ್ಲ, ಇಪ್ಪತ್ತೊಂಬತ್ತು ಅಥವಾ ಮೂವತ್ತು ದಿನ.

2020ನೇ ಇಸವಿಯನ್ನು ನೆನಪಿಸಿಕೊಳ್ಳಿರಿ. ಮಾರ್ಚ್ 25ರಿಂದ ದೇಶವಿಡೀ ಲಾಕ್‌ಡೌನ್ ಆಗಿತ್ತು. ಒಂದು ತಿಂಗಳ ಬಳಿಕ ರಮಝಾನ್ ಬಂದಾಗ ಮಸೀದಿಗಳಲ್ಲಿ ಸಾಮೂಹಿಕ ನಮಾಝ್ ಇರಲಿಲ್ಲ, ಸಾಮೂಹಿಕ ಇಫ್ತಾರ್ ಇರಲಿಲ್ಲ. ಅದು ದುಃಖದ ವರ್ಷವಾಗಿತ್ತು. ದಿನಗೂಲಿಯವರ ಒಲೆ ಆರಿತ್ತು, ಅನೇಕ ಮನೆಗಳವರು ತಮ್ಮವರನ್ನು ಕಳೆದುಕೊಂಡರು. ಆದರೆ ಆ ಸಂಕಷ್ಟದ ನಡುವೆಯೂ ಎಷ್ಟೋ ಮನೆಗಳಲ್ಲಿ ಮೊದಲ ಬಾರಿಗೆ ತಂದೆ ಇಮಾಮನಾಗಿ ನಿಂತು ಹೆಂಡತಿ ಮಕ್ಕಳು ಅವನ ಹಿಂದೆ ತರಾವೀಹ್ ನಿರ್ವಹಿಸಿದರು, ಮೂವತ್ತು ಸಂಜೆಗಳಲ್ಲಿ ಮನೆಯವರೆಲ್ಲ ಒಂದೇ ದಸ್ತರ್‌ಖಾನಿನ ಸುತ್ತ ಕುಳಿತರು. ತಂದೆಯ ಕಂಠದಿಂದ ಕುರ್‌ಆನ್ ಕೇಳಿದ ಮಕ್ಕಳು ಅದನ್ನು ಮರೆತಿಲ್ಲ. ಅಂಗಡಿಗಳು ತೆರೆದವು, ರಸ್ತೆ ತೆರೆಯಿತು, ಆ ದಸ್ತರ್‌ಖಾನನ್ನು ಮಡಿಸಿಟ್ಟೆವು.

ನಸುಕಿನ ನಾಲ್ಕು ಗಂಟೆಗೆ ಒಂದಾಗಬಲ್ಲ ಮನೆ ರಾತ್ರಿ ಒಂಬತ್ತು ಗಂಟೆಗೆ ವಾರಕ್ಕೊಮ್ಮೆ ಒಂದಾಗಲಾರದೆಂದರೆ ಅದಕ್ಕೆ ಕಾರಣ ಗಡಿಯಾರದಲ್ಲಿಲ್ಲ. ರಮಝಾನಿನಲ್ಲಿ ನಾವು ನಿಯ್ಯತ್ ಮಾಡುತ್ತೇವೆ. ಉಳಿದ ಹನ್ನೊಂದು ತಿಂಗಳು ಊಟವನ್ನು ನಿಯ್ಯತ್ತಿಲ್ಲದೆ ಬಿಟ್ಟುಬಿಡುತ್ತೇವೆ.

ಕಡ್ಡಾಯವಲ್ಲ, ಆದರೂ ಹೊಣೆ

ಇಲ್ಲೊಂದು ವಿಷಯವನ್ನು ಸ್ಪಷ್ಟಪಡಿಸಬೇಕು. ಒಟ್ಟಿಗೆ ಉಣ್ಣುವುದನ್ನು ಇಸ್ಲಾಮ್ ಕಡ್ಡಾಯಗೊಳಿಸಿಲ್ಲ. ಸೂರಃ ಅನ್ನೂರ್‌ನ 61ನೇ ಸೂಕ್ತದಲ್ಲಿ ಅಲ್ಲಾಹನು ಒಟ್ಟಾಗಿ ಉಣ್ಣುವುದಕ್ಕೂ ಬೇರೆಯಾಗಿ ಉಣ್ಣುವುದಕ್ಕೂ ಅನುಮತಿಯಿತ್ತಿದ್ದಾನೆ. ಪಾಳಿಯಲ್ಲಿ ದುಡಿಯುವವನು ಒಬ್ಬನೇ ಉಂಡರೆ ಪಾಪವಿಲ್ಲ. ತಡವಾಗಿ ಬಂದ ಪತಿಗಾಗಿ ಹಸಿದು ಕಾಯಲೇಬೇಕೆಂದು ಪತ್ನಿಯ ಮೇಲೆ ಹೊರೆ ಹೊರಿಸಲಾಗಿಲ್ಲ. ದೀನ್ ಸುಲಭವಾಗಿದೆ. ಅದನ್ನು ಕಠಿಣಗೊಳಿಸುವ ಹಕ್ಕು ನಮಗಿಲ್ಲ.

ಆದರೆ ಅನುಮತಿ ಬೇರೆ, ಹೊಣೆ ಬೇರೆ. ತಮ್ಮನ್ನೂ ತಮ್ಮ ಮನೆಯವರನ್ನೂ ನರಕಾಗ್ನಿಯಿಂದ ರಕ್ಷಿಸಿಕೊಳ್ಳಬೇಕೆಂದು ಸೂರಃ ಅತ್ತಹ್ರೀಮ್‌ನಲ್ಲಿ ಸತ್ಯವಿಶ್ವಾಸಿಗಳಿಗೆ ಆದೇಶವಿದೆ. ಯಾರ ಮುಖವನ್ನು ವಾರಗಟ್ಟಲೆ ಸರಿಯಾಗಿ ನೋಡಿಲ್ಲವೋ ಅವರನ್ನು ನಾವು ಯಾವುದರಿಂದ ತಾನೇ ರಕ್ಷಿಸಬಲ್ಲೆವು? ಪ್ರವಾದಿವರ್ಯರು(ಸ) ಸಹೋದರರನ್ನಾಗಿಸಿದ್ದ ಹ. ಸಲ್ಮಾನ್ ಮತ್ತು ಹ. ಅಬುದ್ದರ್ದಾ(ರ) ಅವರ ಪ್ರಸಂಗ ಬುಖಾರಿಯಲ್ಲಿದೆ. ಹಗಲೆಲ್ಲ ಉಪವಾಸ, ರಾತ್ರಿಯೆಲ್ಲ ನಮಾಝ್ ಎಂದು ಮನೆಯನ್ನು ಮರೆತಿದ್ದ ಅಬುದ್ದರ್ದಾರಿಗೆ(ರ), ಪ್ರಭುವಿನ ಹಕ್ಕಿರುವಂತೆಯೇ ಮನೆಯವರ ಹಕ್ಕೂ ನಿಮ್ಮ ಮೇಲಿದೆಯೆಂದು ಸಲ್ಮಾನ್(ರ) ತಿಳಿಹೇಳಿದರು. ಅದನ್ನು ಕೇಳಿದ ಪ್ರವಾದಿವರ್ಯರು(ಸ) ಸಲ್ಮಾನ್ ನಿಜವನ್ನೇ ಹೇಳಿದರೆಂದು ದೃಢಪಡಿಸಿದರು. ಆರಾಧನೆಯೇ ಮನೆಯವರ ಹಕ್ಕನ್ನು ನುಂಗಬಾರದೆಂದಾದರೆ, ಅಂಗಡಿ ಮತ್ತು ಗ್ಯಾರೇಜಿಗೆ ಆ ಅಧಿಕಾರ ಎಲ್ಲಿಂದ ಬಂತು?

ಬಡಿಸುವವಳು ಎಲ್ಲಿ ಕುಳಿತಿದ್ದಾಳೆ?

ಕುಟುಂಬದ ಊಟವೆಂದು ನಾವು ಕರೆಯುವ ಎಷ್ಟೋ ಊಟಗಳಲ್ಲಿ ಕುಟುಂಬದ ಒಬ್ಬರು ಇರುವುದೇ ಇಲ್ಲ. ಗಂಡಸರು, ಮಕ್ಕಳು ಕುಳಿತಿರುತ್ತಾರೆ, ನಗು ಮಾತು ನಡೆಯುತ್ತಿರುತ್ತದೆ. ತಾಯಿ ಅಥವಾ ಸೊಸೆ ಬಾಗಿಲಿಗೂ ಒಲೆಗೂ ನಡುವೆ ಓಡಾಡುತ್ತಿರುತ್ತಾಳೆ. ಜೋಳದ ರೊಟ್ಟಿ ಬಿಸಿಯಿರುವಾಗಲೇ ರುಚಿ ಎಂಬುದು ನಮ್ಮ ಕಡೆಯವರ ಮಾತು. ಸರಿಯೇ. ಆದರೆ ಆ ರುಚಿಯ ಬೆಲೆಯನ್ನು ಪ್ರತಿದಿನವೂ ಒಬ್ಬಳೇ ತೆರುತ್ತಿದ್ದಾಳೆ. ಅವಳ ರೊಟ್ಟಿ ಎಂದೂ ಬಿಸಿಯಾಗಿರುವುದಿಲ್ಲ.

ಹ. ಅನಸ್(ರ) ವರದಿ ಮಾಡಿದ ಒಂದು ಘಟನೆ ಸಹೀಹ್ ಮುಸ್ಲಿಮ್‌ನಲ್ಲಿದೆ. ಪ್ರವಾದಿವರ್ಯರಿಗೆ(ಸ) ಪರ್ಶಿಯಾದ ಒಬ್ಬ ನೆರೆಯವನಿದ್ದನು. ಒಳ್ಳೆಯ ಸಾರು ಮಾಡುವುದರಲ್ಲಿ ನಿಪುಣ. ಒಂದು ದಿನ ಅಡಿಗೆ ಮಾಡಿ ಪ್ರವಾದಿವರ್ಯರನ್ನು(ಸ) ಕರೆಯಲು ಬಂದನು. ಪ್ರವಾದಿವರ್ಯರು(ಸ) ಹ. ಆಯಿಶಾ(ರ) ಅವರತ್ತ ಸೂಚಿಸಿ, ಇವರೂ ಬರಬಹುದೇ ಎಂದು ಕೇಳಿದರು. ಅವನು ಇಲ್ಲವೆಂದನು. ಹಾಗಾದರೆ ನಾನೂ ಬರುವುದಿಲ್ಲ ಎಂದರು. ಅವನು ಮತ್ತೆ ಕರೆದನು, ಅದೇ ಪ್ರಶ್ನೆ, ಅದೇ ಉತ್ತರ. ಮೂರನೆಯ ಬಾರಿ ಅವನು ಆಗಲಿ ಎಂದಾಗ ಇಬ್ಬರೂ ಎದ್ದು ಒಬ್ಬರ ಹಿಂದೊಬ್ಬರು ಅವನ ಮನೆಗೆ ನಡೆದರು.

ಸಹೋದರರೇ, ಇದನ್ನು ಓದಿ ಮುಂದೆ ಸಾಗಬೇಡಿರಿ, ಒಂದು ಗಳಿಗೆ ನಿಲ್ಲಿರಿ. ಅಲ್ಲಾಹನ ಸಂದೇಶವಾಹಕರು ಪತ್ನಿಗೆ ಪಾಲಿಲ್ಲದ ಸಾರನ್ನು ಎರಡು ಬಾರಿ ನಿರಾಕರಿಸಿದರು. ನಾವು ಪತ್ನಿ ಮಾಡಿದ ಸಾರನ್ನೇ ಅವಳನ್ನು ಬಿಟ್ಟು ಉಣ್ಣುತ್ತೇವೆ.

ಅಡಿಗೆ ಮಾಡಿ ತಂದ ಸೇವಕನನ್ನೂ ತನ್ನೊಡನೆ ಕುಳ್ಳಿರಿಸಿಕೊಳ್ಳಬೇಕು, ಅದಾಗದಿದ್ದರೆ ಒಂದೆರಡು ತುತ್ತನ್ನಾದರೂ ಅವನಿಗೆ ಕೊಡಬೇಕು, ಏಕೆಂದರೆ ಒಲೆಯ ಬಿಸಿಯನ್ನು ತಡೆದುಕೊಂಡವನು ಅವನು ಎಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಸೇವಕನ ಹಕ್ಕು ಇಷ್ಟಾದರೆ ಮಕ್ಕಳ ತಾಯಿಯ ಹಕ್ಕೆಷ್ಟು? ಪತ್ನಿಯ ಬಾಯಿಗೆ ಪತಿಯಿಡುವ ತುತ್ತಿಗೂ ಪುಣ್ಯವಿದೆಯೆಂದು ಹ. ಸಅದ್ ಬಿನ್ ಅಬೀ ವಕ್ಕಾಸ್(ರ) ಅವರಿಗೆ ಅವರು ಹೇಳಿದ್ದರು.

ಆದುದರಿಂದ ವಾರದ ಆ ಒಂದು ರಾತ್ರಿಯ ಮೊದಲ ನಿಯಮ ಇದಾಗಿರಲಿ: ಅವಳು ಕುಳಿತುಕೊಳ್ಳುವ ತನಕ ಯಾರೂ ಬಿಸ್ಮಿಲ್ಲಾಹ್ ಹೇಳಿ ಕೈಯಿಡಬಾರದು. ರೊಟ್ಟಿಗಳೆಲ್ಲ ಮೊದಲೇ ಬೆಂದು ಬುಟ್ಟಿಗೆ ಬರಲಿ. ತುಸು ಆರಿದರೂ ಚಿಂತೆಯಿಲ್ಲ. ನೀರು, ಉಪ್ಪು, ಉಪ್ಪಿನಕಾಯಿ ಎಲ್ಲವೂ ದಸ್ತರ್‌ಖಾನಿನ ಮೇಲೆಯೇ ಇರಲಿ. ಬೇಕಾದುದನ್ನು ಗಂಡುಮಕ್ಕಳು ಎದ್ದು ತರಲಿ. ಪ್ರವಾದಿವರ್ಯರು(ಸ) ಮನೆಯಲ್ಲಿ ಏನು ಮಾಡುತ್ತಿದ್ದರೆಂದು ಕೇಳಿದವರಿಗೆ ಹ. ಆಯಿಶಾ(ರ) ನೀಡಿದ ಉತ್ತರ ಪ್ರಸಿದ್ಧವಾಗಿದೆ. ಅವರು ಮನೆಯವರ ಕೆಲಸದಲ್ಲಿ ನೆರವಾಗುತ್ತಿದ್ದರು, ನಮಾಝ್‌ನ ವೇಳೆಯಾದಾಗ ಹೊರಡುತ್ತಿದ್ದರು. ತಟ್ಟೆ ತೊಳೆದರೆ ಗಂಡಸುತನ ಕಡಿಮೆಯಾಗುವುದೆಂದು ಭಾವಿಸುವವರು ಈ ಉತ್ತರವನ್ನು ಮತ್ತೊಮ್ಮೆ ಓದಲಿ.

ಕೂಡು ಕುಟುಂಬಗಳಲ್ಲಿ ಮೈದುನರು, ಭಾವಂದಿರು ಇರುವಾಗ ಪರ್ದಾದ ಮಿತಿಯನ್ನು ಪಾಲಿಸಬೇಕಾಗುತ್ತದೆ. ಅಂತಹ ಮನೆಗಳಲ್ಲಿ ಹೆಂಗಸರು ಒಳಕೋಣೆಯಲ್ಲಿ ಬೇರೆ ದಸ್ತರ್‌ಖಾನ್ ಹಾಸಲಿ. ಆದರೆ ವೇಳೆ ಒಂದೇ ಆಗಿರಲಿ, ಪಾತ್ರೆಯ ಮೇಲ್ಭಾಗ ಒಂದು ಕಡೆಗೆ, ತಳ ಇನ್ನೊಂದು ಕಡೆಗೆ ಹೋಗದಿರಲಿ. ಪರ್ದಾ ಎಂದರೆ ಹೆಂಗಸರು ಮಿಕ್ಕಿದ್ದನ್ನು ಉಣ್ಣಬೇಕೆಂದು ಅರ್ಥವಲ್ಲ.

ದಿನ, ವೇಳೆ ಮತ್ತು ಅಡಿಗೆ

ಯಾವ ದಿನವೆಂದು ಮನೆಯವರೆಲ್ಲ ಸೇರಿ ನಿಶ್ಚಯಿಸಲಿ. ಅಂಗಡಿಗೆ ವಾರದ ರಜೆಯಿರುವ ದಿನ, ಕಾರ್ಖಾನೆಯ ಪಾಳಿ ಬದಲಾಗುವ ದಿನ, ಕಾಲೇಜಿಗೆ ಹೋಗುವವರಿಗೆ ಮರುದಿನ ಬೇಗನೆ ಏಳಬೇಕಿಲ್ಲದ ದಿನ, ಹೀಗೆ ಹೆಚ್ಚು ಮಂದಿಗೆ ಅನುಕೂಲವಾದುದನ್ನು ಆರಿಸಬಹುದು. ಜುಮಾದ ರಾತ್ರಿಯೇ ಆಗಬೇಕೆಂದಿಲ್ಲ. ಇದು ಮನೆಯ ಒಂದು ಏರ್ಪಾಡೇ ಹೊರತು ಹೊಸದೊಂದು ಆರಾಧನೆಯಲ್ಲ. ಹಂಗಾಮಿನ ತಿಂಗಳುಗಳಲ್ಲಿ ದಿನ ಬದಲಾಗಬಹುದು. ಆದರೆ ಬದಲಾದ ದಿನವನ್ನೂ ಮೊದಲೇ ಹೇಳಿರಬೇಕು. ಮದುವೆಯ ಕಾಗದ ಬಂದರೆ ಆ ದಿನವನ್ನು ಗುರುತು ಹಾಕಿಡುತ್ತೇವಲ್ಲವೇ? ಗೋಡೆಯ ಕ್ಯಾಲೆಂಡರಿನಲ್ಲಿ ಹಾಗೆಯೇ ಇದಕ್ಕೂ ಒಂದು ಗುರುತಿರಲಿ.

ವೇಳೆ ಇಶಾ ನಮಾಝ್‌ನ ಬಳಿಕವಾದರೆ ಹೆಚ್ಚಿನವರು ಮನೆ ಸೇರಿರುತ್ತಾರೆ. ಇಶಾದ ಅನಂತರ ಮಾತುಕತೆಯಲ್ಲಿ ಕಾಲ ಕಳೆಯುವುದು ಪ್ರವಾದಿವರ್ಯರಿಗೆ(ಸ) ಇಷ್ಟವಿರಲಿಲ್ಲ, ನಿಜ. ಆದರೆ ಹ. ಇಬ್ನು ಅಬ್ಬಾಸ್(ರ) ಬಾಲಕನಾಗಿದ್ದಾಗ ತಮ್ಮ ಚಿಕ್ಕಮ್ಮ ಹ. ಮೈಮೂನಾ(ರ) ಅವರ ಮನೆಯಲ್ಲಿ ತಂಗಿದ್ದ ರಾತ್ರಿ ಕಂಡುದೇನು? ಪ್ರವಾದಿವರ್ಯರು(ಸ) ಸ್ವಲ್ಪ ಹೊತ್ತು ಮನೆಯವರೊಂದಿಗೆ ಮಾತನಾಡಿ ಅನಂತರ ಮಲಗಿದರು. ಮನೆಯವರೊಂದಿಗಿನ ಮಾತಿಗೆ ಆ ರಾತ್ರಿಯಲ್ಲಿ ಸ್ಥಾನವಿತ್ತು. ಅದು ಫಜ್ರ್ ನಮಾಝನ್ನು ಕಳೆಯುವಷ್ಟು ಉದ್ದವಾಗಬಾರದು, ಅಷ್ಟೇ. ಮಗ್ರಿಬ್‌ನ ಬಳಿಕವೇ ಉಣ್ಣುವ ವೃದ್ಧರು ಅಥವಾ ಔಷಧಿ ಸೇವಿಸುವವರು ಇದ್ದರೆ ಅವರು ಹಸಿದು ಕಾಯಬೇಕಿಲ್ಲ. ಅವರು ಉಂಡಿರಲಿ, ಆದರೆ ಜೊತೆಗೆ ಬಂದು ಕುಳಿತಿರಲಿ.

ಅಡಿಗೆಯ ವಿಷಯದಲ್ಲಿ ನಮಗೆ ಮೋಸವಾಗುವುದಿದೆ. ವಾರದ ಊಟವೆಂದರೆ ಬಿರಿಯಾನಿ ಆಗಲೇಬೇಕು, ಸಿಹಿ ಇರಲೇಬೇಕು ಎಂದುಕೊಂಡರೆ ಮೂರನೆಯ ವಾರಕ್ಕೆ ಅದು ನಿಲ್ಲುತ್ತದೆ. ಖರ್ಚಿಗೂ ನಿಲ್ಲುತ್ತದೆ, ಅಡಿಗೆ ಮಾಡುವವಳ ಬೆನ್ನುನೋವಿಗೂ ನಿಲ್ಲುತ್ತದೆ. ಒಮ್ಮೆ ಪ್ರವಾದಿವರ್ಯರು(ಸ) ಮನೆಯಲ್ಲಿ ರೊಟ್ಟಿಯೊಂದಿಗೆ ನಂಜಿಕೊಳ್ಳಲು ಏನಿದೆಯೆಂದು ಕೇಳಿದರು. ಸಿರ್ಕಾದ ಹೊರತು ಏನೂ ಇರಲಿಲ್ಲ. ಅವರು ಅದನ್ನೇ ತರಿಸಿಕೊಂಡು ಅದನ್ನು ಹೊಗಳುತ್ತಾ ಉಂಡರು. ಆಹಾರದಲ್ಲಿ ಅವರು ಎಂದೂ ಕೊರತೆಯೆಣಿಸಿದವರಲ್ಲವೆಂದು ಹ. ಅಬೂಹುರೈರಾ(ರ) ಹೇಳುತ್ತಾರೆ. ಇಷ್ಟವಾದರೆ ಉಣ್ಣುತ್ತಿದ್ದರು, ಇಲ್ಲವಾದರೆ ಬಿಡುತ್ತಿದ್ದರು. ನಮ್ಮಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ, ಒಂದಿಷ್ಟು ಮೊಸರು ಇದ್ದರೆ ಯಾವ ದಸ್ತರ್‌ಖಾನಿಗೂ ಅವಮಾನವಿಲ್ಲ. ತಿಂಗಳಿಗೊಮ್ಮೆ ದಾಲ್ಚಾ ಆದರೆ ಅಲ್ಹಮ್ದುಲಿಲ್ಲಾಹ್. ಸಾರು ಮಾಡುವಾಗ ನೀರು ಹೆಚ್ಚು ಹಾಕಿ ನೆರೆಮನೆಗೂ ಕೊಡಬೇಕೆಂದು ಹ. ಅಬೂದರ್(ರ) ಅವರಿಗೆ ಹೇಳಿದ ಮಾತನ್ನು ಅಂದು ನೆನಪಿಟ್ಟುಕೊಳ್ಳೋಣ. ಒಂದು ಬಟ್ಟಲು ಪಕ್ಕದ ಮನೆಗೆ ಹೋಗಲಿ, ಅದು ಯಾರ ಮನೆಯೇ ಆಗಿರಲಿ. ನೆರೆಯವನ ಹಕ್ಕಿಗೆ ಜಾತಿ ಧರ್ಮಗಳ ಗೋಡೆಯಿಲ್ಲ.

ದಸ್ತರ್‌ಖಾನಿನ ಮೇಲಿನ ಮಾತು

ಎಲ್ಲರೂ ಬಂದು ಕುಳಿತರೆ ಸಾಲದು. ಆರು ಮಂದಿಯ ಕೈಯಲ್ಲಿ ಆರು ಮೊಬೈಲುಗಳಿದ್ದರೆ ಅವರು ಆರು ಊರುಗಳಲ್ಲಿದ್ದಂತೆ. ಕೈ ತೊಳೆಯುವ ಮೊದಲು ಮೊಬೈಲುಗಳೆಲ್ಲ ಗೋಡೆಯ ಗೂಡಿಗೆ ಸೇರಲಿ. ಮೊದಲು ತಂದೆಯದು ಸೇರಲಿ, ಆಗ ಮಕ್ಕಳಿಗೆ ಹೇಳಬೇಕಾಗುವುದಿಲ್ಲ.

ಊಟದ ಹೊತ್ತನ್ನು ವಿಚಾರಣೆಯ ಹೊತ್ತಾಗಿಸಬಾರದು. ಅಂಕ ಏಕೆ ಕಡಿಮೆಯಾಯಿತು, ಹಣ ಎಲ್ಲಿ ಹೋಯಿತು, ಮಾವನ ಮನೆಯವರು ಏನಂದರು ಎಂಬ ಪ್ರಶ್ನೆಗಳನ್ನು ಆ ರಾತ್ರಿ ಬದಿಗಿಡಿರಿ. ಮುಂದಿನ ವಾರ ಹುಡುಗ ಏನಾದರೊಂದು ನೆಪ ಹೇಳಿ ತಪ್ಪಿಸಿಕೊಳ್ಳುವಂತಾಗಬಾರದು. ಹ. ಉಮ್ಮು ಸಲಮಾ(ರ) ಅವರ ಮಗ ಉಮರ್ ಪ್ರವಾದಿವರ್ಯರ(ಸ) ಮನೆಯಲ್ಲಿ ಬೆಳೆಯುತ್ತಿದ್ದ ತಂದೆಯಿಲ್ಲದ ಬಾಲಕ. ಉಣ್ಣುವಾಗ ಅವನ ಕೈ ತಟ್ಟೆಯ ಸುತ್ತಲೂ ಓಡಾಡುತ್ತಿತ್ತು. ಪ್ರವಾದಿವರ್ಯರು(ಸ) ಗದರಲಿಲ್ಲ, ಇತರರ ಮುಂದೆ ನಾಚಿಸಲಿಲ್ಲ. ಮಗುವೇ ಎಂದು ಕರೆದು, ಅಲ್ಲಾಹನ ನಾಮ ಹೇಳಲು, ಬಲಗೈಯಿಂದ ಉಣ್ಣಲು, ತನ್ನ ಮುಂದಿನಿಂದ ಉಣ್ಣಲು ತಿಳಿಸಿದರು. ಅಂದಿನಿಂದ ತಾನು ಹಾಗೆಯೇ ಉಣ್ಣುತ್ತಾ ಬಂದೆನೆಂದು ಆ ಬಾಲಕ ದೊಡ್ಡವನಾದ ಮೇಲೆ ಹೇಳಿದನು. ಮೂರು ಚಿಕ್ಕ ಮಾತುಗಳು ಒಂದು ಜೀವಮಾನಕ್ಕೆ ಸಾಕಾದುವು. ಆ ಮಾತುಗಳನ್ನಾಡಲು ಪ್ರವಾದಿವರ್ಯರು(ಸ) ಅದೇ ತಟ್ಟೆಯ ಮುಂದೆ ಕುಳಿತಿದ್ದರು ಎಂಬುದನ್ನು ಮರೆಯಬಾರದು. ಮಗು ಹೇಗೆ ಉಣ್ಣುತ್ತದೆಂದು ನೋಡದವನು ತಿದ್ದುವುದಾದರೂ ಹೇಗೆ?

ಇನ್ನೊಂದು ಎಚ್ಚರಿಕೆ. ನಾಲ್ಕು ಮಂದಿ ಸೇರಿದಲ್ಲಿ ಐದನೆಯವರ ಮಾತು ಬರುತ್ತದೆ. ಪರನಿಂದೆಯನ್ನು ಕುರ್‌ಆನ್ ಸತ್ತ ಸಹೋದರನ ಮಾಂಸ ತಿನ್ನುವುದಕ್ಕೆ ಹೋಲಿಸಿದೆ. ಹಲಾಲ್ ಸಂಪಾದನೆಯಿಂದ ತಂದ ಹಲಾಲ್ ಮಾಂಸವನ್ನು ದಸ್ತರ್‌ಖಾನಿನ ಮೇಲಿಟ್ಟು, ಅದರ ಪಕ್ಕದಲ್ಲಿ ಈ ಇನ್ನೊಂದು ಮಾಂಸವನ್ನು ಬಡಿಸಿಕೊಳ್ಳುವುದು ಎಂತಹ ವಿಪರ್ಯಾಸ! ನಾದಿನಿಯ ದೂರು, ನೆರೆಯವರ ಕೊರತೆ, ಬೀಗರ ಲೋಪ ಇವು ಬಂದಾಗ ಮನೆಯ ಹಿರಿಯರು ಮೆಲ್ಲನೆ ಮಾತು ಹೊರಳಿಸಲಿ. ವಾರದಲ್ಲಿ ಅಲ್ಲಾಹನು ತೋರಿದ ಒಂದು ಅನುಗ್ರಹವನ್ನು ಒಬ್ಬೊಬ್ಬರೂ ಹೇಳಲಿ. ಅಜ್ಜ ತಮ್ಮ ಕಾಲದ ಊರಿನ ಕಥೆ ಹೇಳಲಿ. ಕೊನೆಯಲ್ಲಿ ಒಂದು ಹದೀಸನ್ನೋ ಒಂದು ಸೂಕ್ತದ ಅರ್ಥವನ್ನೋ ಮಕ್ಕಳಲ್ಲೇ ಒಬ್ಬರು ಓದಲಿ. ಐದು ನಿಮಿಷ ಸಾಕು.

ಬಾರದವರ ಪಾಲು

ಎಷ್ಟೇ ಯೋಜಿಸಿದರೂ ಯಾರೋ ಒಬ್ಬರು ತಪ್ಪುತ್ತಾರೆ. ಲಾರಿಯ ಚಕ್ರದ ಮೇಲೆ ಜೀವನ ಸಾಗಿಸುವವನು ಅಂದು ಪುಣೆಯಲ್ಲಿರುತ್ತಾನೆ. ಗಲ್ಫಿನಲ್ಲಿರುವ ಮಗ ಎರಡು ವರ್ಷಗಳಿಂದ ಮನೆಯ ರೊಟ್ಟಿ ಕಂಡಿರುವುದಿಲ್ಲ. ಅವರನ್ನು ದೂಷಿಸಬಾರದು, ಆದರೆ ಅವರ ಜಾಗವನ್ನು ಮುಚ್ಚಿಬಿಡಲೂ ಬಾರದು. ಗೂಡಿನಲ್ಲಿಟ್ಟ ಮೊಬೈಲುಗಳಲ್ಲಿ ಒಂದನ್ನು ಊಟ ಮುಗಿದ ಬಳಿಕ ಅವರಿಗಾಗಿ ಹೊರತೆಗೆಯಿರಿ. ಎಲ್ಲರೂ ಒಂದೊಂದು ಮಾತಾಡಲಿ. ತನಗಾಗಿ ದುಆ ಮಾಡಲಾಯಿತೆಂದು ದೂರದಲ್ಲಿರುವವನಿಗೆ ತಿಳಿಯಲಿ. ಪರಸ್ಥಳದಲ್ಲಿ ಒಂಟಿಯಾಗಿರುವವನ ಕಾಲು ತಪ್ಪುದಾರಿಗೆ ಇಳಿಯದಂತೆ ತಡೆಯಲು ಈ ನೆನಪು ಒಂದು ಕಾವಲಾದೀತು.

ಬಾರದವರಲ್ಲಿ ಇನ್ನೊಂದು ವರ್ಗವಿದೆ. ಆಸ್ತಿ ಪಾಲಾದ ಮೇಲೆ ಒಂದೇ ಅಂಗಳದಲ್ಲಿ ಎರಡು ಒಲೆ ಹೂಡಿದ ಅಣ್ಣತಮ್ಮಂದಿರು. ನಡುವೆ ಇರುವುದು ಒಂದು ಗೋಡೆ, ಮಾತು ನಿಂತು ವರ್ಷಗಳಾಗಿವೆ. ಮುಸ್ಲಿಮನು ತನ್ನ ಸಹೋದರನೊಂದಿಗೆ ಮೂರು ದಿನಗಳಿಗಿಂತ ಹೆಚ್ಚು ಮಾತು ಬಿಡುವುದು ಧರ್ಮಸಮ್ಮತವಲ್ಲ, ಮೊದಲು ಸಲಾಮ್ ಹೇಳುವವನೇ ಉತ್ತಮನು ಎಂಬುದು ಪ್ರವಾದಿವರ್ಯರ(ಸ) ಶಿಕ್ಷಣ. ನ್ಯಾಯಾಲಯದಲ್ಲಿ, ಜಮಾಅತಿನಲ್ಲಿ ಬಗೆಹರಿಯದ್ದು ಒಂದು ಊಟದಲ್ಲಿ ಬಗೆಹರಿಯುವುದೆಂದು ನಾವು ಹೇಳುವುದಿಲ್ಲ. ಆದರೆ ಆ ಗೋಡೆಯಾಚೆಗೆ ಮಗುವಿನ ಕೈಯಲ್ಲಿ ಒಂದು ಬಟ್ಟಲು ಸಾರು ಕಳುಹಿಸಲು ಯಾವ ನ್ಯಾಯಾಲಯದ ಆದೇಶವೂ ಬೇಕಿಲ್ಲ. ಬಟ್ಟಲು ಖಾಲಿಯಾಗಿ ಮರಳಿದರೂ ಬಾಗಿಲು ಒಮ್ಮೆ ತೆರೆದಂತಾಯಿತು. ಇಬ್ಬರ ಊಟ ಮೂವರಿಗೆ ಸಾಕು, ಮೂವರದು ನಾಲ್ವರಿಗೆ ಸಾಕು ಎಂಬ ಪ್ರವಾದಿ ವಚನದಲ್ಲಿ ಪಾತ್ರೆಯ ಲೆಕ್ಕಕ್ಕಿಂತ ಮನಸ್ಸಿನ ಲೆಕ್ಕವೇ ದೊಡ್ಡದು.

ಸಹೋದರ ಸಹೋದರಿಯರೇ, ಅಜ್ಜ ನಮ್ಮೊಂದಿಗೆ ಎಷ್ಟು ಕಾಲ ಇರುವರೆಂದು ನಮಗೆ ಗೊತ್ತಿಲ್ಲ. ಮಗಳು ಮದುವೆಯಾಗಿ ಹೋಗುತ್ತಾಳೆ. ಮಗ ಕೆಲಸ ಹುಡುಕಿಕೊಂಡು ಬೇರೆ ಊರಿಗೆ ಹೋಗುತ್ತಾನೆ. ಈ ಆರು ಮಂದಿ ಒಂದೇ ಸೂರಿನಡಿಯಲ್ಲಿರುವ ವರ್ಷಗಳು ಬಹಳವಿಲ್ಲ. ಒಂದು ವರ್ಷದಲ್ಲಿ ವಾರಗಳು ಐವತ್ತೆರಡು ಮಾತ್ರ. ಈ ವಾರವೇ ಒಂದು ರಾತ್ರಿಯನ್ನು ಗೊತ್ತುಪಡಿಸಿರಿ. ದಸ್ತರ್‌ಖಾನ್ ಹಾಸಿರಿ. ಒಲೆಯ ಬಳಿ ನಿಂತಿರುವವಳನ್ನು ಮೊದಲು ಕುಳ್ಳಿರಿಸಿರಿ. ಅನಂತರ ಬಿಸ್ಮಿಲ್ಲಾಹ್ ಹೇಳಿರಿ.

ಅಲ್ಲಾಹನು ನಮ್ಮ ಸಂಪಾದನೆಯನ್ನು ಹಲಾಲ್ ಆಗಿಯೂ ನಮ್ಮ ಊಟವನ್ನು ಬರಕತ್‌ಪೂರ್ಣವಾಗಿಯೂ ಮಾಡಲಿ. ನಮ್ಮ ಪತ್ನಿ ಮಕ್ಕಳನ್ನು ನಮಗೆ ಕಣ್ತಂಪಾಗಿಸಲಿ. ಇಲ್ಲಿ ಒಂದೇ ದಸ್ತರ್‌ಖಾನಿನ ಸುತ್ತ ಕುಳಿತ ನಮ್ಮೆಲ್ಲರನ್ನೂ ಸ್ವರ್ಗದಲ್ಲೂ ಒಂದುಗೂಡಿಸಲಿ. ಆಮೀನ್.